ಬಾಗಿಲಾಚೆಯ ಖತೀಜಾ ಬೀ

ಶೈಸ್ತಾಳನ್ನು ಯಾರು ಏನು ಕೇಳಿದರೂ ಉತ್ತರ ಬರುತ್ತಿದ್ದುದು ಅವಳ ಅಜ್ಜಿ ಖತೀಜಾ ಬೀಯವರ ಬಾಯಿಂದ, ಅದೂ ಪ್ರಶ್ನೆ ಮುಗಿಯುವ ಮೊದಲೇ. ನಾಲ್ಕು ವರ್ಷದ ಆ ಮಗುವಿನ ಕಾಲುಗಳಲ್ಲಿ ಹುಟ್ಟಿನಿಂದಲೇ ಬಲವಿರಲಿಲ್ಲ, ಮಾತೂ ನಿಧಾನ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ, ಗಂಡನ ಕಾಲದ ಕಂದು ಸ್ವೆಟರನ್ನು ಬೇಸಿಗೆಯಲ್ಲೂ ಬಿಡದೆ ತೊಟ್ಟು, ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು, ಎಡಕ್ಕೆ ವಾಲಿಕೊಂಡು ಅಂಗನವಾಡಿಗೆ ಹೋಗುತ್ತಿದ್ದ ಅವರು, ಮಗು ಸೊಂಟದ ಮೇಲಿಲ್ಲದಾಗಲೂ ಹಾಗೆಯೇ ವಾಲಿ ನಡೆಯುತ್ತಿದ್ದುದನ್ನು ಎದುರು ಮನೆಯ ನಾನು ಕಂಡಿದ್ದೇನೆ.

ಅಂಗನವಾಡಿಯಲ್ಲೂ ಅವರು ಮಗುವಿನ ಪಕ್ಕ ಬಿಡುತ್ತಿರಲಿಲ್ಲ. ರೇಷ್ಮೆ ನೂಲು ಬಿಚ್ಚುವ ಬಿಸಿನೀರಿನಲ್ಲಿ ವರ್ಷಗಟ್ಟಲೆ ನೆನೆದು ಬಿಳಿಚಿದ ಆ ಬೆರಳುಗಳೇ ಅನ್ನ ಕಲೆಸುತ್ತಿದ್ದವು, ಗೊಂಬೆ ಎತ್ತಿಕೊಡುತ್ತಿದ್ದವು, ಹತ್ತಿರ ಬಂದ ಮಕ್ಕಳನ್ನು ಸರಿಸುತ್ತಿದ್ದವು. ಟೀಚರ್ ತನುಜ ಒಂದು ದಿನ ಮೆಲ್ಲಗೆ, "ಖತೀಜಮ್ಮ, ನಾಳೆಯಿಂದ ನೀವು ಆಚೆ ಕೂತ್ಕೊಳ್ಳಿ" ಎಂದರು.

"ಬಿದ್ರೆ ಯಾರಮ್ಮ ಎತ್ತೋದು?"

ಮರುದಿನದಿಂದ ಮಗು ಬರಲಿಲ್ಲ. ಕೊನೆಗೆ ತನುಜ ತಾವೇ ಅವರ ಮನೆಗೆ ಹೋದರು. ಅಂಗನವಾಡಿಯ ಗೋಡೆಯುದ್ದಕ್ಕೂ ಮಗು ಹಿಡಿದು ನಡೆಯಲು ಕಂಬಿ ಹಾಕಿಸಿದ್ದೇವೆ, ಬಂದು ನೋಡಿ ಎಂದು ಕರೆದರಂತೆ. "ಬಿದ್ರೆ ನಾನಿರ್ತೀನಿ. ಏಳೋಕೆ ಅವಳಿಗೂ ಸ್ವಲ್ಪ ಹೊತ್ತು ಕೊಡಣ."

ಮುನಿಸಿನಲ್ಲೇ ಮರಳಿದ ಅಜ್ಜಿ ಬಾಗಿಲಾಚೆ ಕೂತರು. ಮೊಟ್ಟೆ ಕೊಡುವ ಒಂದು ದಿನ, ಚಿತ್ರಪುಸ್ತಕ ಕೊಡಲು ನಾನೂ ಅಲ್ಲಿಗೆ ಹೋಗಿದ್ದಾಗ, ಶೈಸ್ತಾ ಕಂಬಿ ಹಿಡಿದು ಹೊರಟವಳು ಕೈಜಾರಿ ಕುಸಿದಳು. ಖತೀಜಾ ಬೀ ಹೊಸ್ತಿಲವರೆಗೆ ಓಡಿಬಂದು, ತಮ್ಮನ್ನೇ ತಡೆದುಕೊಳ್ಳುವಂತೆ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು ನಿಂತರು. ತನುಜ ಮಗುವಿನ ಪಕ್ಕ ಮಂಡಿಯೂರಿದರು, ಎತ್ತಲಿಲ್ಲ. ಅವಳ ಓರಗೆಯ ಹುಡುಗಿ ಯಾಮಿನಿ ತಾನೂ ನೆಲಕ್ಕೆ ಕೂತು, "ಏಳೇ ಶೈಸ್ತಾ, ಮೊಟ್ಟೆ ಆರೋಗತ್ತೆ ಕಣೇ" ಎಂದಳು. ಅಳಲೋ ಬೇಡವೋ ಎಂಬಂತೆ ಶೈಸ್ತಾ ಅಜ್ಜಿಯತ್ತ ನೋಡಿದಳು. ಅಜ್ಜಿ ಅಲ್ಲಾಡಲಿಲ್ಲ. ಬಹಳ ಹೊತ್ತಿನ ಮೇಲೆ ಕಂಬಿ ಹಿಡಿದೆದ್ದು ತಟ್ಟೆಯ ಬಳಿ ಹೋದವಳು, "ನಂಗೂ... ಮೊಟ್ಟೆ" ಎಂದಳು. ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಆ ಸಂಜೆ ಬೀದಿಯಲ್ಲಿ ಎದುರಾದಾಗ, "ಏನ್ ತಿಂದ್ಯಮ್ಮ?" ಎಂದು ಮಗುವನ್ನು ಕೇಳಿದೆ. ಉತ್ತರ ತಡವಾದಂತೆ ಅಭ್ಯಾಸಬಲದಿಂದ ಅಜ್ಜಿಯತ್ತ ತಿರುಗಿದರೆ, ಖತೀಜಾ ಬೀ ಗದರಿದರು: "ನನ್ನೇನ್ ನೋಡ್ತೀರ ಸಾರ್? ಅವಳನ್ನ ತಾನೇ ಕೇಳಿದ್ದು, ನಿಂತ್ಕೊಳ್ಳಿ!"

ಈಗ ಶೈಸ್ತಾ ವಾಕರ್ ಹಿಡಿದು ಅಂಗನವಾಡಿಯ ಅಂಗಳ ಸುತ್ತುತ್ತಾಳೆ. ಅವಳು ಎಡವಿದಾಗಲೆಲ್ಲ ಅಜ್ಜಿ ಕಣ್ಣುಮುಚ್ಚಿ ದುವಾ ಮಾಡುತ್ತಾರೆ, ಕೂತಲ್ಲಿಂದ ಏಳುವುದಿಲ್ಲ.

ಎತ್ತಿ ಸಲಹುವ ಜೀವಗಳು ನಮ್ಮಲ್ಲಿ ವಿರಳವಲ್ಲ. ಎದೆ ಹೊಡೆದುಕೊಳ್ಳುತ್ತಿದ್ದರೂ ಚಾಚಿದ ಕೈಯನ್ನು ಸಕಾಲದಲ್ಲಿ ಹಿಂದಕ್ಕೆಳೆದುಕೊಳ್ಳಬಲ್ಲವರ ವಾತ್ಸಲ್ಯವನ್ನು ಯಾರೂ ಹೊಗಳುವುದಿಲ್ಲ. ನೋಡುವವರ ಕಣ್ಣಿಗೆ ಅದು ಎಷ್ಟೋ ಸಲ ನಿಷ್ಠುರವೆಂದೇ ತೋರುತ್ತದೆ. ಆದರೂ ಮಕ್ಕಳು ತಾವಾಗಿ ಬೆಳೆಯುವುದು ಇಂಥವರು ನಡುಗುತ್ತಲೇ ಬಿಟ್ಟುಕೊಟ್ಟ ಅಂಗೈಯಗಲದ ಜಾಗದಲ್ಲಿ.