ಎರಡನೆಯವಳ ಸಂಖ್ಯೆ

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಫಿಲ್ಮು. ಕಿಟಕಿಯ ಬೆಳಕಿಗೆ ಹಿಡಿದರೆ ಮೊದಲು ಕಾಣುವುದು ಕಪ್ಪು. ಆಮೇಲೆ ಆ ಕಪ್ಪಿನೊಳಗಿಂದ ಪಕ್ಕೆಲುಬುಗಳು ಒಂದೊಂದಾಗಿ ಏಳುತ್ತವೆ, ಕಲ್ಯಾಣಿಯ ನೀರು ಇಳಿದಂತೆಲ್ಲ ಮೇಲೆದ್ದು ಬರುವ ಹಳೆಯ ಮೆಟ್ಟಿಲುಗಳ ಹಾಗೆ. ನಡುವೆ ಒಂದು ಪಕ್ಕಕ್ಕೆ ವಾಲಿದ ಹೃದಯದ ಮಸುಕು. ಅದರ ಎರಡು ಬದಿಗೂ ಉಸಿರಿನ ಕತ್ತಲೆ. ಇಲ್ಲಿ ಕತ್ತಲೆಯೇ ಆರೋಗ್ಯ, ಬೆಳಕೇ ರೋಗ. ಬಲಗಡೆಯ ಆ ಕತ್ತಲೆಯಲ್ಲಿ, ಮೇಲಿನ ಒಂದು ಎಲುಬಿನ ಮೇಲೆ ಪಾದವೂರಿ, ಒಬ್ಬ ಹೆಂಗಸು ನಿಂತಿದ್ದಾಳೆ. ಅಕ್ಕಿಕಾಳಿನಷ್ಟು ಎತ್ತರ. ಕೈಮುಗಿದಿಲ್ಲ, ಕೈಯೆತ್ತಿ ಹರಸಿಲ್ಲ. ಎರಡೂ ಕೈಗಳು ಸುಮ್ಮನೆ ಇಳಿಬಿದ್ದಿವೆ. ಮುಖವಿಲ್ಲ. ಅಚ್ಚ ಬಿಳುಪು.

ಚಿಂತಾಮಣಿ ತಾಲೂಕಿನ ಒಂದು ಹಳ್ಳಿಯಿಂದ ಹೊರಟ ಆ ಫಿಲ್ಮು ಬೆಂಗಳೂರಿನಲ್ಲಿ ಒಮ್ಮೆ ಓದಿಸಿಕೊಂಡು, ಹಡಗೇರಿ ಯುರೋಪಿನ ಒಂದು ಕಚೇರಿಗೆ ಹೋಗಿ ಮತ್ತೊಮ್ಮೆ ಓದಿಸಿಕೊಂಡು, ೧೯೫೭ರ ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದ ಕ್ಯಾಂಪಿಗೆ ಮರಳಿತ್ತು. ಕ್ಷಯದ ಸರ್ವೆಯ ನಿಯಮ ಹಾಗಿತ್ತು. ಒಂದೇ ಎದೆಯನ್ನು, ಪರಸ್ಪರ ಮುಖ ಕಾಣದ ಇಬ್ಬರು ಓದಬೇಕು. ದೇಶಗಳೆಲ್ಲ ಒಂದೇ ಕಣ್ಣಿನಿಂದ ನೋಡಿದರಲ್ಲವೆ, ಕೈವಾರದ ಕೆಮ್ಮನ್ನೂ ಹಿಮ ಸುರಿಯುವ ಯಾವುದೋ ಊರಿನ ಕೆಮ್ಮನ್ನೂ ಒಂದೇ ಸಾಲಿನಲ್ಲಿ ಬರೆಯಲಾಗುವುದು. ಬೆಂಗಳೂರಿನವರು ‘ದೋಷವಿಲ್ಲ’ ಎಂದಿದ್ದರು. ಹೊರದೇಶದವರು ‘ಓದಲಾಗದು’ ಎಂದು ಬರೆದು, ಕೆಳಗೆ ಇನ್ನೊಂದು ಮಾತು ಸೇರಿಸಿದ್ದರು: ‘ಒಂದು ಚಿತ್ರಕ್ಕೆ ಒಬ್ಬರು. ಇಲ್ಲಿ ಇಬ್ಬರಿದ್ದಾರೆ. ಎರಡನೆಯವರ ಸಂಖ್ಯೆ ಏನು?’

ಅದು ತಮಾಷೆಯೋ ನಿಯಮವೋ ಕ್ಯಾಂಪಿನ ನೌಕರ ಚನ್ನಕೇಶವನಿಗೆ ತಿಳಿಯಲಿಲ್ಲ. ಇಬ್ಬರು ಓದುಗರ ಮಾತು ಕೂಡದಿದ್ದಾಗ ಆ ಎದೆಯ ಒಡೆಯರನ್ನು ಹುಡುಕಿ ಮತ್ತೆ ಎಕ್ಸ್‌ರೇ ವ್ಯಾನಿಗೆ ಕರೆತರುವುದು ಅವನ ಕೆಲಸ. ವ್ಯಾನು ಮರುದಿನ ಶಿಡ್ಲಘಟ್ಟದಲ್ಲಿ ನಿಲ್ಲುವುದಿತ್ತು. ಅಲ್ಲಿಂದ ಗೌರಿಬಿದನೂರು, ಆಮೇಲೆ ಜಿಲ್ಲೆಯನ್ನೇ ಬಿಟ್ಟು ಹೋಗುವುದಿತ್ತು. ಆ ಬಿಳಿಯ ಹೆಂಗಸಿನ ಹಿಂದೆ ರೋಗ ಅಡಗಿದ್ದರೆ, ಅದನ್ನು ನೋಡಲು ಇನ್ನು ಯಾರೂ ಬರುವಂತಿರಲಿಲ್ಲ.

ಅವನು ಹಳ್ಳಿ ತಲುಪಿದಾಗ, ಫಿಲ್ಮಿನ ಸಂಖ್ಯೆ ತೋರಿಸಿದ ಗಂಗುಲಪ್ಪನ ಮನೆಯ ಹೊಸ್ತಿಲಲ್ಲಿ ಗಂಗುಲಪ್ಪನ ತಾಯಿ ಅಕ್ಕಯಮ್ಮ ಅಡ್ಡಲಾಗಿ ಕೂತಿದ್ದಳು.

“ಒಳಕ್ಕೆ ಬರಬ್ಯಾಡಪ್ಪ. ಜ್ವರಕ್ಕೆ ಕೂತವೆ.”

“ಜ್ವರವೆ? ಯಾರಿಗಮ್ಮ? ಎಷ್ಟು ಜನಕ್ಕೆ?” ಚನ್ನಕೇಶವ ಜೇಬಿನ ಪೆನ್ನಿಗೆ ಕೈಹಾಕಿದ.

“ನಲವತ್ತು ತಟ್ಟೆಗೆ,” ಎಂದ ಗಂಗುಲಪ್ಪ, ಹಿತ್ತಲಿಂದ ಬರುತ್ತ. “ರೇಷ್ಮೆ ಹುಳ ಸ್ವಾಮಿ. ಬರ್ಕೊಳ್ಳಿ, ಬರ್ಕೊಳ್ಳಿ. ಅವಕ್ಕೂ ಒಂದೊಂದು ಫೋಟೋ ಹೊಡೀರಿ.”

ಜ್ವರದ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆಯೆತ್ತಿ, ಅಲುಗದೆ, ಹಳೆಯ ಚರ್ಮ ಕಳಚುವುದನ್ನೇ ಕಾಯುತ್ತದೆ. ಸಾವಿರಾರು ಜೀವಗಳು ತುಂಬಿದ್ದ ಆ ಮನೆಯಿಂದ ಒಂದು ಸದ್ದೂ ಹೊರಬರುತ್ತಿರಲಿಲ್ಲ. ಎಲ್ಲವೂ ಒಟ್ಟಾಗಿ ಬಾಗಿಲ ಕಡೆಗೆ ಕಿವಿಗೊಟ್ಟು ನಿಂತಂತಿತ್ತು.

ಆ ಮೌನದಿಂದಲೇ ಫಿಲ್ಮಿನ ಎದೆಯ ಒಡತಿ, ಗಂಗುಲಪ್ಪನ ಹೆಂಡತಿ ಆದಿಲಕ್ಷ್ಮಮ್ಮ ಹೊರಗೆ ಬಂದಳು. ತೆಳ್ಳಗಿನ, ಚಿಕ್ಕ ವಯಸ್ಸಿನ ಹೆಂಗಸು. ಅಂದು ವ್ಯಾನಿನಲ್ಲಿ ಎದೆಯ ಮೇಲೆ ಏನನ್ನಾದರೂ ಇಟ್ಟುಕೊಂಡಿದ್ದೆಯೇನಮ್ಮ ಎಂದು ಚನ್ನಕೇಶವ ಕೇಳಿದಾಗ ಅವಳು ಅತ್ತೆಯ ಮುಖ ನೋಡಿ, ರವಿಕೆಯ ಬಲಬದಿಗೆ ಸರಿಸಿಟ್ಟಿದ್ದ ಕರಿದಾರವನ್ನು ಮೆಲ್ಲಗೆ ಎಳೆದಳು. ದಾರದ ತುದಿಯಲ್ಲಿ ಬೆಳ್ಳಿಯ ದಪ್ಪ ತಗಡಿನಿಂದ ಕತ್ತರಿಸಿದ ಹೆಣ್ಣುರೂಪ ತೂಗಿತು.

“ಸವತಮ್ಮ,” ಎಂದಳು ಅಕ್ಕಯಮ್ಮ. “ಹಿರೇ ಸೊಸೆ ಓಬಳಮ್ಮ. ಕೆಮ್ಮಿ ಕೆಮ್ಮಿ ಹೋದ್ಳು ತಾಯಿ. ಎರಡನೇದು ಮಾಡ್ಕೊಂಡ್ರೆ ಮೊದಲ್ನೇವಳ್ನ ಇವಳ ಕೊರಳಿಗೆ ಕಟ್ಟಬೇಕು. ಹೊರಗೆ ಮರ್ಯಾದೆಯಾಗಿ ಇಟ್ಕೊಂಡ್ರೆ ಒಳಕ್ಕೆ ಬರಾಕಿಲ್ಲ. ಬಿಚ್ಚಿದ್ರೆ ಬಂದ್ಬಿಡ್ತಾಳೆ.”

“ಇಬ್ರು ಹೆಂಡ್ರಿದ್ರೂ ನಮ್ಮನೇಲಿ ಜಗಳ ಇಲ್ಲ ಸ್ವಾಮಿ,” ಎಂದು ಗಂಗುಲಪ್ಪ ನಕ್ಕ.

“ಅದನ್ನ ಬಿಚ್ಚಿಟ್ಟು ಇನ್ನೊಂದ್ಸಲ ನಿಂತ್ರೆ ಸಾಕಮ್ಮ,” ಎಂದ ಚನ್ನಕೇಶವ. “ಬೆಳ್ಳಿ ಅಡ್ಡ ನಿಂತಿದೆ. ಅದರ ಹಿಂದೆ ಏನಿದೆ ಅಂತ ಕಾಣ್ತಿಲ್ಲ.”

“ವದ್ದೇ ತಲ್ಲಿ,” ಬೇಡವೆಂದು ಮುದುಕಿ ತೆಲುಗಿಗೆ ಜಾರಿದಳು. “ನನ್ ಮಾತು ಕೇಳೇ.”

ಆದಿಲಕ್ಷ್ಮಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. “ಅವಳ ಫೋಟೋ ನಿಮ್ಮತ್ರ ಐತಾ?” ಎಂದಳು.

ಹಬ್ಬಹಬ್ಬಕ್ಕೂ ಮೊದಲ ತುತ್ತನ್ನು ಆ ಬೆಳ್ಳಿಗೆ ಎತ್ತಿಟ್ಟು ಆಮೇಲೆ ತಾನು ಉಣ್ಣುವವಳು, ಓಬಳಮ್ಮನ ಮುಖವನ್ನು ಕಂಡಿರಲಿಲ್ಲ. ಸತ್ತವಳ ಒಂದು ಚಿತ್ರವೂ ಮನೆಯಲ್ಲಿರಲಿಲ್ಲ. ಚನ್ನಕೇಶವ ಚೀಲದಿಂದ ಫಿಲ್ಮನ್ನೂ ಭೂತಗನ್ನಡಿಯನ್ನೂ ತೆಗೆದುಕೊಟ್ಟ. ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

“ನನ್ನೊಳಗೇ ನಿಂತವ್ಳಲ್ಲ.”

“ಇಲ್ಲಮ್ಮ, ಹೊರಗಿದ್ದಾಳೆ. ಫಿಲ್ಮಿಗೆ ಒಳಗು ಹೊರಗು ತಿಳಿಯಲ್ಲ. ಎಲ್ಲಾ ಒಂದರ ಮೇಲೊಂದು ಬೀಳ್ತದೆ.”

“ಅದಕ್ಕೇ ತಿಳೀದಿದ್ರೆ, ಹೊರಗವ್ಳೆ ಅಂತ ನಿಮಗೆಂಗೆ ತಿಳೀತು?”

ಚನ್ನಕೇಶವ ಫಿಲ್ಮನ್ನು ಹಿಂದಕ್ಕೆ ಪಡೆದು ತಾನೂ ಬೆಳಕಿಗೆ ಹಿಡಿದ.

“ಬಿಚ್ತೀನಿ,” ಎಂದಳು ಆದಿಲಕ್ಷ್ಮಮ್ಮ. “ಬಿಚ್ಚಿದ ಮೇಲೂ ಇದ್ರೆ ಹೇಳಬೇಕು. ಸುಳ್ಳು ಹೇಳಬಾರ್ದು.”

ಮರುದಿನ ಶಿಡ್ಲಘಟ್ಟದಲ್ಲಿ ಅವಳು ವ್ಯಾನಿನೊಳಗೆ ಹೋಗಿ ಬರುವವರೆಗೂ ಅಕ್ಕಯಮ್ಮ ಬೆಳ್ಳಿಯನ್ನು ಒಂದು ಹಿಡಿ ಅಕ್ಕಿಯಲ್ಲಿ ಹೂತು, ಮುಷ್ಟಿ ಬಿಗಿದು, ಹುಣಸೆಮರದ ಕೆಳಗೆ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಫಿಲ್ಮು ಒಣಗಿತು. ಚನ್ನಕೇಶವ ಅದನ್ನು ಬೆಳಕಿಗೆ ಹಿಡಿದ.

ಬೆಳ್ಳಿ ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ, ಅದೇ ಬದಿಯಲ್ಲಿ, ಅದೇ ಎಲುಬಿನ ಮೇಲೆ, ಒಂದು ಮಂಜು ನಿಂತಿತ್ತು. ಕೆಳಗೆ ಕಿರಿದು, ಮೇಲೆ ಹೆಗಲಿನಂತೆ ಅಗಲ. ಎರಡು ಕಡೆ ಇಳಿಬಿದ್ದ ಎಳೆಗಳು. ಅವನು ಭೂತಗನ್ನಡಿಯನ್ನು ಒರೆಸಿದ. ಫಿಲ್ಮನ್ನು ಮಗುಚಿದ. ಮಂಜು ಆ ಕಡೆಯಿಂದಲೂ ಅವನತ್ತಲೇ ತಿರುಗಿ ನಿಂತಂತಿತ್ತು.

ವ್ಯಾನಿನ ಡಾಕ್ಟರು ನೋಡಿದೊಡನೆ ಹೇಳಿದರು: “ಕ್ಷಯವೇ. ಮೇಲೆ ಹಿಡಿದಿದೆ. ಮನೆಯಲ್ಲೇ ಯಾರಿಂದಲೋ ಅಂಟಿರಬೇಕು.”

“ಗಂಡ, ಅತ್ತೆ, ಇಬ್ಬರ ಫಿಲ್ಮೂ ಶುದ್ಧವಾಗಿದೆ ಸಾರ್. ರೋಗಿ ಅಂತ ಇದ್ದವಳು ಮೊದಲನೆಯ ಹೆಂಡತಿ. ಇವಳು ಆ ಮನೆಗೆ ಬಂದಿದ್ದು ಅವಳು ಸತ್ತ ಮೇಲೆ.”

ಡಾಕ್ಟರು ಕನ್ನಡಕ ತೆಗೆದು, ಫಿಲ್ಮನ್ನು ಅವನಿಗೆ ಹಿಂತಿರುಗಿಸಿದರು. “ತವರಿನಿಂದ ತಂದಿರಬಹುದು,” ಎಂದರು. ಅದನ್ನು ಎರಡನೆಯ ಸಲ ಹೇಳಲಿಲ್ಲ.

ಹುಣಸೆಮರದ ಕೆಳಗೆ ಅತ್ತೆ, ಸೊಸೆ, ಗಂಗುಲಪ್ಪ ಮೂವರೂ ಎದ್ದು ನಿಂತರು.

“ಅವ್ಳಾ?” ಎಂದು ಕೇಳಿದಳು ಆದಿಲಕ್ಷ್ಮಮ್ಮ.

“ಬೆಳ್ಳಿ ಇಲ್ಲಮ್ಮ. ಒಂದು ನೆರಳಿದೆ. ಮದ್ದಿಗೆ ಹೋಗೋ ನೆರಳು. ಬೆಂಗಳೂರಿನ ಆಸ್ಪತ್ರೇಲಿ ಕೆಲವು ತಿಂಗಳು ಇರಬೇಕಾಗ್ತದೆ.”

ಅವಳು ಗಂಡನ ಕಡೆ ತಿರುಗಿದಳು. “ಅವಳಿಗೆ ಈ ಮದ್ದು ಕೊಡಿಸಿದ್ರಾ?”

“ಆವಾಗ ವ್ಯಾನು ಎಲ್ಲಿತ್ತು ಕಣೇ,” ಎಂದ ಗಂಗುಲಪ್ಪ, ನೆಲ ನೋಡುತ್ತ.

“ಸರಿ ಬಿಡಿ. ಇಬ್ರದೂ ಸೇರಿಸಿ ನಾನೇ ತಿಂತೀನಿ.”

ಸಂಜೆ ಚನ್ನಕೇಶವ ಹೊರದೇಶದ ಪ್ರಶ್ನೆಗೆ ಉತ್ತರ ಬರೆಯಲು ಕೂತ. ಸರ್ವೆ ಎಣಿಸುವುದು ಉಸಿರಿರುವವರನ್ನು. ಅದು ಊರಿಗೆ ಬರುವ ಮೊದಲೇ ಸತ್ತವಳಿಗೆ ಯಾವ ದೇಶದ ಲೆಕ್ಕದಲ್ಲೂ ಜಾಗವಿರಲಿಲ್ಲ. ‘ಎರಡನೆಯವರಿಗೆ ಸಂಖ್ಯೆ ಇಲ್ಲ,’ ಎಂದು ಬರೆದ. ಕೊಂಚ ತಡೆದು, ‘ಹೆಸರು ಓಬಳಮ್ಮ,’ ಎಂದು ಸೇರಿಸಿ, ಹೊಸ ಫಿಲ್ಮಿನ ಜೊತೆಗೆ ಲಕೋಟೆ ಅಂಟಿಸಿದ.

ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವ ಹೊತ್ತಿಗೆ ಹುಳುಗಳು ಜ್ವರದಿಂದೆದ್ದು, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೇರಿದ್ದವು. ಬಿದಿರಿನ ಆ ಅಗಲ ತಟ್ಟಿಗಳನ್ನೆಲ್ಲ ಅಂಗಳದ ಚಪ್ಪರದ ನೆರಳಿಗೆ ತಂದು ನಿಲ್ಲಿಸಿ ಅಕ್ಕಯಮ್ಮ ಕಾಗೆ ಕಾಯುತ್ತಿದ್ದಳು. ಗಂಗುಲಪ್ಪ ಬಟ್ಟೆಯ ಗಂಟು ಹೊತ್ತು ಬೇಲಿಯ ಬಳಿ ನಿಂತಿದ್ದ. ಜೊತೆಗೆ ಹೋಗಬೇಕಾದ ಚನ್ನಕೇಶವ ಅವನ ಪಕ್ಕದಲ್ಲಿದ್ದ. ಖಾಲಿಯಾದ ಮನೆಯೊಳಗೆ ಇದ್ದವಳು ಆದಿಲಕ್ಷ್ಮಮ್ಮ ಒಬ್ಬಳೇ.

ತೆರೆದ ಬಾಗಿಲಿಂದ ಅವಳು ಕಾಣುತ್ತಿದ್ದಳು. ಗೋಡೆಯ ಗೂಡಿನಲ್ಲಿ ಒಂದು ತಟ್ಟೆ ಅನ್ನವಿಟ್ಟು, ಕೊರಳ ಕರಿದಾರ ಬಿಚ್ಚಿ, ಬೆಳ್ಳಿಯನ್ನು ಅದರ ಎದುರಿಗೆ ಒರಗಿಸಿದಳು.

“ಬರ್ತೀನಿ ಅಕ್ಕ. ಮನೆ ನೋಡ್ಕೋ.”

“ಬಾಗಿಲು ಎಳ್ಕೊಂಡು ಬಾರೇ, ಬೆಕ್ಕು ನುಗ್ತದೆ,” ಎಂದು ಮುದುಕಿ ಕೂಗಿದಳು.

ಆದಿಲಕ್ಷ್ಮಮ್ಮನಿಗೆ ಅದು ಕೇಳಿಸಿತೋ ಇಲ್ಲವೋ. ಸೆರಗನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಹೊಸ್ತಿಲು ದಾಟಿದಳು; ತಿರುಗಿ ನೋಡಲಿಲ್ಲ. ಅವಳ ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗಿನಿಂದ ಅಗಳಿ ಹಾಕಿದ ಸದ್ದು ಅಂಗಳದಲ್ಲಿದ್ದವರೆಲ್ಲರಿಗೂ ಕೇಳಿಸಿತು.