ಡಿಶ್ ಹಿಡಿದು ನಿಂತವಳು

ತುಮಕೂರಿನ ಸದಾಶಿವನಗರದಲ್ಲಿ ಲಾಯರ್ ಅನಂತರಾಮಯ್ಯನವರ ತಾರಸಿಯ ಮೇಲೆ ಡಿಶ್ ಬಂದು ಕೂತದ್ದು ಎಂಬತ್ತಾರರ ಬೇಸಿಗೆಯಲ್ಲಿ. ಬೆಂಗಳೂರಿನಿಂದ ಲಾರಿಯಲ್ಲಿ ಕಬ್ಬಿಣದ ಪಟ್ಟಿಗಳೂ ಜಾಲರಿಯ ಸುರುಳಿಗಳೂ ಬಂದವು. ಮೆಕ್ಯಾನಿಕ್‌ಗಳು ಸಿಮೆಂಟಿನ ಕಟ್ಟೆ ಹಾಕಿ, ಕಂಬ ನಿಲ್ಲಿಸಿ, ಹನ್ನೆರಡು ಅಡಿ ಅಗಲದ ಬಟ್ಟಲನ್ನು ಅದರ ಮೇಲೆ ಕೂರಿಸಿದರು. ಬೀದಿಯವರು ಅದಕ್ಕೆ ಮದುವೆಮನೆ ಬಾಣಲೆ ಎಂದು ಹೆಸರಿಟ್ಟರು. ಅನಂತರಾಮಯ್ಯನವರ ಹೆಂಡತಿ ಸುಂದರಮ್ಮ ಆ ವರ್ಷ ಸಂಡಿಗೆ ಇಡಲಿಲ್ಲ. ತಾರಸಿಯಲ್ಲಿ ಬಿಸಿಲು ಬೀಳುವ ಜಾಗವೇ ಉಳಿದಿರಲಿಲ್ಲ.

ಅಲ್ಲಿಯವರೆಗೆ ಬೆಂಗಳೂರಿನ ಚಿತ್ರ ತುಮಕೂರಿನ ಟೀವಿಗಳಲ್ಲಿ ಇರುವೆ ಮುತ್ತಿದಂತೆ ಕಾಣುತ್ತಿತ್ತು. ಈಗ ದೆಹಲಿ ಕನ್ನಡಿಯಷ್ಟು ನಿಚ್ಚಳವಾಯಿತು. ಬಟ್ಟಲನ್ನು ಇನ್ನೊಂದು ಉಪಗ್ರಹದ ಕಡೆ ಹೊರಳಿಸಿದರೆ ರಷ್ಯಾದವರ ಸರ್ಕಸ್ಸೂ ಬರುತ್ತಿತ್ತು. ಹೊರಳಿಸಲು ಕಂಬದ ಬುಡದಲ್ಲಿ ಎರಡು ಹಿಡಿಗಳಿದ್ದವು. ಒಂದನ್ನು ತಿರುಗಿಸಿದರೆ ಬಟ್ಟಲು ಪಕ್ಕಕ್ಕೆ ಹೊರಳುತ್ತಿತ್ತು, ಇನ್ನೊಂದಕ್ಕೆ ಮುಖ ಎತ್ತುತ್ತಿತ್ತು. ಮೊದಲ ವಾರ ಅನಂತರಾಮಯ್ಯ ತಾವೇ ಹತ್ತಿ ತಿರುಗಿಸಿದರು. ಆಮೇಲೆ ಮಂಡಿ ನೋವು ಬಂತು. ಅವರು ಸೋಫಾದಲ್ಲಿ ಕೂತು ಮೆಟ್ಟಿಲ ಕಡೆ ಮುಖ ಮಾಡಿ ಕೂಗುವುದು, ಸುಂದರಮ್ಮ ಮೇಲೆ ತಿರುಗಿಸುವುದು ವಾಡಿಕೆಯಾಯಿತು.

"ಇನ್ನೂ ಸ್ವಲ್ಪ. ಸಾಕು, ಸಾಕು! ಜಾಸ್ತಿ ಆಯ್ತು ಕಣೇ, ವಾಪಸ್ ತಿರುಗ್ಸು!"

ಒಗ್ಗರಣೆಗಿಟ್ಟ ಎಣ್ಣೆ ಇಳಿಸಿ ಅವಳು ಹತ್ತುತ್ತಿದ್ದಳು. ಎಲ್ಲಿ ದೆಹಲಿ, ಎಲ್ಲಿ ರಷ್ಯಾ ಎಂದು ಕಂಬದ ಮೇಲೆ ಸುಣ್ಣದಲ್ಲಿ ಗೆರೆ ಎಳೆದುಕೊಂಡಿದ್ದಳು. ಅವಳು ಇಳಿದು ಬರುವ ಹೊತ್ತಿಗೆ ಕಾರ್ಯಕ್ರಮ ಅರ್ಧ ಮುಗಿದಿರುತ್ತಿತ್ತು.

ಆಷಾಢದಲ್ಲಿ ಒಂದು ಸಂಜೆ ಅನಂತರಾಮಯ್ಯ ಪೇಪರ್ ಹಿಡಿದು ಅಡುಗೆಮನೆಗೇ ಬಂದರು.

"ಭಾನುವಾರ ಬೆಳಿಗ್ಗೆ ದೆಹಲಿಯಿಂದ ಕುಣಿಗಲ್ ರಾಧಮ್ಮನ ಹಾಡುಗಾರಿಕೆ ಅಂತೆ. ನಿನ್ ಜೊತೆ ಕಲಿತೋಳು ಇವಳೇ ಅಲ್ವಾ?"

ಸುಂದರಮ್ಮನ ಕೈ ನಿಂತಿತು. ಹುಡುಗಿಯಾಗಿದ್ದಾಗ ಅವಳು ಅಮೃತೂರಿನಿಂದ ಬಸ್ಸು ಹತ್ತಿ ಕುಣಿಗಲ್‌ಗೆ ಪಾಠಕ್ಕೆ ಹೋಗುತ್ತಿದ್ದಳು. ಮೇಷ್ಟ್ರ ಜಗಲಿಯಲ್ಲಿ ಅವಳೂ ರಾಧೆಯೂ ಒಂದೇ ಚಾಪೆಯ ಮೇಲೆ ಕೂತು ಕಲಿತವರು. ಮದುವೆಯಾದ ಮೇಲೂ ದೇವರಮನೆಯಲ್ಲಿ ಹಾಡುತ್ತಿದ್ದಳು. ಎಪ್ಪತ್ತೆರಡರಲ್ಲಿ ಅಣ್ಣನ ಜೊತೆ ಬೆಂಗಳೂರಿಗೆ ಹೋಗಿ ರೇಡಿಯೋ ಆಡಿಷನ್ ಕೊಟ್ಟಳು, ಪಾಸೂ ಆದಳು. ರೆಕಾರ್ಡಿಂಗ್ ದಿನ ಅನಂತರಾಮಯ್ಯ ಕೋರ್ಟಿನ ಗೆಳೆಯರನ್ನು ಊಟಕ್ಕೆ ಕರೆದಿದ್ದರು. "ಇನ್ನೊಂದ್ಸಲ ಹೋದ್ರಾಯ್ತು ಬಿಡು" ಅಂದರು. ಇನ್ನೊಂದು ಸಲ ಎಂಬುದು ಬರಲೇ ಇಲ್ಲ. ಆಮೇಲೆ ದೇವರಮನೆಯ ಹಾಡೂ ತಾನಾಗಿಯೇ ನಿಂತಿತು. ಯಾಕೆಂದು ಯಾರೂ ಕೇಳಲಿಲ್ಲ.

"ಜಡ್ಜ್ ಸಾಹೇಬ್ರನ್ನ ಕರೀತೀನಿ. ಪಕ್ಕದ್ಮನೆ ಡಾಕ್ಟ್ರಿಗೂ ಹೇಳ್ತೀನಿ. ನಮ್ಮನೆಯವಳ ಫ್ರೆಂಡು ಅಂದ್ರೆ ಸುಮ್ನೇನಾ?" ಅಂದರು ಅನಂತರಾಮಯ್ಯ.

ಭಾನುವಾರ ಸುಂದರಮ್ಮ ಬೆಳಕು ಹರಿಯುವ ಮೊದಲೇ ಉಪ್ಪಿಟ್ಟು, ಕೇಸರಿಬಾತು ಮಾಡಿಟ್ಟು, ಹಸಿರು ರೇಷ್ಮೆ ಸೀರೆ ಉಟ್ಟು, ಟೀವಿಯ ಎದುರಿಗೆ ಒಂದು ಮಣೆ ಹಾಕಿಕೊಂಡು ಕೂತಳು. ಜಡ್ಜರು, ಡಾಕ್ಟರ್ ಶ್ರೀಕಂಠಯ್ಯ, ಅವರ ಹೆಂಡತಿಯರು, ಎಲ್ಲರೂ ಬಂದಿದ್ದರು. ತಂಬೂರಿಯ ಶ್ರುತಿ ಕೇಳಿಸಿತು. ರಾಧೆಯ ಮುಖ ಮೂಡುವಷ್ಟರಲ್ಲಿ ಗಾಳಿ ಬೀಸಿತು. ಪರದೆಯ ತುಂಬ ಬಿಳಿ ಚುಕ್ಕೆ ಎದ್ದಿತು.

ಡಿಶ್ಶಿನ ಬಿಗಿಯ ನಟ್ಟು ಸವೆದುಹೋಗಿತ್ತು. ಬೆಂಗಳೂರಿನ ಮೆಕ್ಯಾನಿಕ್ ಇವತ್ತು ನಾಳೆ ಅನ್ನುತ್ತಲೇ ಇದ್ದ. ಗಾಳಿ ಇರುವಷ್ಟು ಹೊತ್ತೂ ಯಾರಾದರೂ ಹಿಡಿಯನ್ನು ಅದುಮಿ ಹಿಡಿದಿರಬೇಕಿತ್ತು.

"ಹೋಗೇ, ಬೇಗ!" ಅಂದರು ಅನಂತರಾಮಯ್ಯ.

"ಇವತ್ತೊಂದಿನ ನೀವು ಹೋಗ್ಬಾರ್ದಾ?"

"ಗೆಸ್ಟ್ಸ್ ಬಿಟ್ಟು ನಾನು ಹೋಗ್ಲಾ? ನಿಂಗೆ ಕೈ ಕೂತಿದೆ, ಹೋಗು."

ಶ್ರೀಕಂಠಯ್ಯ ಎದ್ದರು. "ನಾನ್ ಹಿಡ್ಕೊಂಡಿರ್ತೀನಿ ಬಿಡಿ. ಪಾಪ, ಅವರು ನೋಡ್ಲಿ."

"ಛೆ ಛೆ, ಕೂತ್ಕೊಳ್ಳಿ ಡಾಕ್ಟ್ರೇ. ಗ್ರೀಸು ಗೀಸು ಬಟ್ಟೆಗಾದ್ರೆ ಹೋಗಲ್ಲ."

ಸುಂದರಮ್ಮ ರೇಷ್ಮೆ ಸೀರೆಯಲ್ಲೇ ಮೇಲೆ ಹತ್ತಿದಳು. ಸೆರಗು ಸಿಕ್ಕಿಸಿ, ಎರಡು ಕೈಯಲ್ಲೂ ಹಿಡಿಯನ್ನು ಅದುಮಿ ನಿಂತಳು. "ಬಂತು, ಬಂತು! ಹಾಗೇ ಇರು!" ಎಂದು ಕೆಳಗಿನಿಂದ ಕೂಗು ಬಂತು. ಗಾಳಿ ಬಟ್ಟಲನ್ನು ತಳ್ಳುತ್ತಿತ್ತು. ಅದು ನಿಂತಾಗ ಮೆಟ್ಟಿಲ ಸಂದಿಯಿಂದ ರಾಧೆಯ ಕಾಂಬೋಧಿ ರಾಗದ ಹಾಡು ತೇಲಿಬರುತ್ತಿತ್ತು. ಮೇಷ್ಟ್ರು ಇಬ್ಬರಿಗೂ ಹೇಳಿಕೊಟ್ಟಿದ್ದ ಕೀರ್ತನೆ ಅದು. ಚರಣ ಬರುವ ಹೊತ್ತಿಗೆ ಸುಂದರಮ್ಮ ತಾನೂ ಬಾಯಿ ತೆರೆದಳು. ಹಾಡಲು ನೋಡಿದಳು. ಸ್ವರ ಏಳಲಿಲ್ಲ, ಕೆಮ್ಮು ಬಂತು.

ಹಾಡು ಮುಗಿದ ಮೇಲೆ ಮಾತುಕತೆ ನಡೆಯಿತು. ಯಾರೋ ಏನೋ ಕೇಳಿದರು, ರಾಧೆ ಬಹಳ ಹೊತ್ತು ಏನೋ ಹೇಳಿದಳು. ಗಾಳಿಗೆ ಒಂದು ಪದವೂ ಕಿವಿಗೆ ಬೀಳಲಿಲ್ಲ.

ಅವಳು ಇಳಿದು ಬಂದಾಗ ಅತಿಥಿಗಳು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಡಾಕ್ಟರ್ ಹೆಂಡತಿ ಸರಸ್ವತಮ್ಮ ಹತ್ತಿರ ಬಂದು, "ಅದೇನೋ ಜೊತೆಗೆ ಕಲಿತೋರ ವಿಷ್ಯ ಹೇಳಿದ್ರು ಕಣ್ರೀ. ಇಂಗ್ಲಿಷಲ್ಲಿ. ನಂಗೆ ಪೂರ್ತಿ ತಿಳೀಲಿಲ್ಲ," ಅಂದರು.

ಎಲ್ಲರೂ ಹೋದ ಮೇಲೆ ಗಂಡನನ್ನು ಕೇಳಿದಳು.

"ಏನೋ ಅಂದ್ಲಪ್ಪ. ಜಡ್ಜ್ ಸಾಹೇಬ್ರು ಆಗ ಡಿಶ್ ರೇಟ್ ಕೇಳ್ತಿದ್ರು, ನಾನು ಗಮನ ಕೊಡ್ಲಿಲ್ಲ," ಎಂದು ಅನಂತರಾಮಯ್ಯ ತಟ್ಟೆ ಮುಂದಕ್ಕೆ ತಳ್ಳಿದರು. "ಉಪ್ಪಿಟ್ಟು ಉಳಿದಿದ್ಯಾ?"

ಅವಳು ಉಪ್ಪಿಟ್ಟು ಬಡಿಸಿದಳು. ಗ್ರೀಸು ಹತ್ತಿದ ಕೈಯಲ್ಲೇ ಬಡಿಸಿದಳು. ಅವರು ನೋಡಲಿಲ್ಲ.

ಮುಂದಿನ ರಾಮನವಮಿಗೆ ಗುಬ್ಬಿಯಲ್ಲಿ ರಾಧಮ್ಮನ ಕಚೇರಿ ಇತ್ತು. ಗುಬ್ಬಿ ಅನಂತರಾಮಯ್ಯನವರ ಊರು. ಗಂಡಹೆಂಡಿರು ಹೋದರು. ಕಚೇರಿ ಮುಗಿದ ಮೇಲೆ ಸುಂದರಮ್ಮ ಪೆಂಡಾಲಿನ ಹಿಂದೆ ಹೋಗಿ ನಿಂತಳು. ಎಷ್ಟೋ ತಿಂಗಳಿಂದ ಒಂದೇ ಮಾತು ಕೇಳಬೇಕೆಂದು ಕಾದಿದ್ದಳು.

ರಾಧಮ್ಮ ಗುರುತು ಹಿಡಿದವಳೇ ಓಡಿಬಂದು ಎರಡೂ ಕೈ ಹಿಡಿದುಕೊಂಡಳು.

"ಸುಂದರಾ! ಎಷ್ಟ್ ವರ್ಷ ಆಯ್ತೇ! ನನ್ನ ಟೀವೀಲಿ ನೋಡಿದ್ಯಾ?"

ಸುಂದರಮ್ಮನ ಹಿಂದೆ ಅನಂತರಾಮಯ್ಯ ನಿಂತಿದ್ದರು. "ನೋಡ್ದೆ ಇರ್ತೀವಾ? ನಮ್ಮನೇಲೇ ಡಿಶ್ ಇದೆ. ಜಿಲ್ಲೆಗೇ ಮೊದಲ್ನೇದು," ಅಂದರು.

"ನೋಡ್ದೆ," ಅಂದಳು ಸುಂದರಮ್ಮ.

ರಾಧಮ್ಮನ ಕಣ್ಣು ತುಂಬಿತು. "ನಿನ್ ವಿಷ್ಯ ಹೇಳ್ದಾಗ ಏನನ್ನಿಸ್ತೇ? ನಿಜ ಹೇಳು. ಬೇಜಾರಾಗ್ಲಿಲ್ಲ ತಾನೆ? ಅಷ್ಟೆಲ್ಲ ಹೇಳ್ಬಾರ್ದಿತ್ತೇನೋ ಅಂತ ಆಮೇಲೆ ಅನ್ನಿಸ್ತು."

"ಇಲ್ಲ. ಬೇಜಾರಿಲ್ಲ," ಅಂದಳು ಸುಂದರಮ್ಮ. ನೋಡಿದೆ ಎಂದು ಹೇಳಿಯಾದ ಮೇಲೆ ಇನ್ನು ಕೇಳುವಂತಿರಲಿಲ್ಲ. ರಾಧಮ್ಮನನ್ನು ಕಾರಿಗೆ ಕರೆದರು. ಅವಳು ಕೈ ಬಿಟ್ಟು ಹೋದಳು.

ಮರುದಿನ ಸಂಜೆ ಸೋಫಾದಿಂದ ಕೂಗು ಕೇಳಿಸಿತು. "ಲೇ, ಚಿತ್ರ ಹೋಯ್ತು. ಮೇಲೆ ಹತ್ತು."

"ನೀವೇ ಹತ್ತಿ," ಅಂದಳು ಸುಂದರಮ್ಮ, ಅಡುಗೆಮನೆಯಿಂದಲೇ.

ಅನಂತರಾಮಯ್ಯ ಎರಡು ಸಲ ಕೂಗಿದರು, ಬೈದರು. ಅವರೂ ಹತ್ತಲಿಲ್ಲ. ಬಿಳಿ ಚುಕ್ಕೆಗಳ ಸದ್ದು ಊಟದ ಹೊತ್ತಿನವರೆಗೂ ನಡುಮನೆಯಲ್ಲಿ ಹಾಗೇ ಇತ್ತು.