ಹೆಣಕ್ಕೆ ಹತ್ತಿರದ ಊರು

ಆರು ತಿಂಗಳ ಓದಿಗೆ ಯಾವ ಹೊರದೇಶದ ಊರೆಂದು ಮೊಮ್ಮಗಳು ಅಂದೇ ಕಾಲೇಜಿಗೆ ತಿಳಿಸಬೇಕಿತ್ತು. ಅವಳ ಮನಸ್ಸಿದ್ದುದು ದೂರದ ಬಂದರು ನಗರದ ಮೇಲೆ. ಆರಿಸಿದ್ದು ಗಡಿಯಾಚೆಯ ಸಪ್ಪೆ ಊರನ್ನು.

"ಅಲ್ಲೇನು ಮಣ್ಣಿದೆ?" ಎಂದೆ.

"ಅಜ್ಜಿ ಹೋದಾಗ ನಾನು ಬರೋದ್ರೊಳಗೆ ಎಲ್ಲಾ ಮುಗಿದಿತ್ತು, ತಾತ. ನಿಮಗೇನಾದ್ರೂ ಆದ್ರೆ ಅಲ್ಲಿಂದ ಬೇಗ ಬರಬಹುದು."

"ಓಹೋ, ನನ್ನ ಹೆಣಕ್ಕೆ ಹತ್ತಿರದ ಊರು! ಐವತ್ತು ವರ್ಷ ನನ್ನ ಗೊರಕೆ ಕೇಳಿದ ನಿನ್ನಜ್ಜಿ ಈಗ ನೆಮ್ಮದಿಯಾಗಿ ಮಲಗಿದ್ದಾಳೆ. ನನ್ನನ್ನೂ ಕರ್ಕೋ ಅಂತ ದಿನಾ ಬೇಡ್ಕೋತೀನಿ. ದೇವರು ಅವಳ ಪರ, ಕಿವಿಗೇ ಹಾಕ್ಕೊಳ್ತಿಲ್ಲ."

ಅವಳು ನಗಲಿಲ್ಲ. "ದಿನಾ ಬೇಡ್ಕೋತೀರಾ?"

ಬಾಯಿ ಜಾರಿತ್ತು.

"ಹಾಗೆ ಬೇಡ್ಕೊಳ್ಳೋದನ್ನ ನೀವು ಬಿಟ್ರೆ ನಾನು ಬಂದರಿಗೆ ಹೋಗ್ತೀನಿ," ಎಂದು ಕೈ ಚಾಚಿದಳು.

"ಆರು ತಿಂಗಳ ಮಟ್ಟಿಗೆ ಬಿಟ್ಟೆ," ಎಂದು ಅವಳ ಅಂಗೈಗೆ ತಟ್ಟಿದೆ. ದೇವರಿಗೂ ಸ್ವಲ್ಪ ಬಿಡುವು ಸಿಗಲಿ.